ಸುತ್ತ ನೀರಿದ್ದರೂ ಬೋಟು ಯಾಕೆ ಉರಿದುಹೋಗುತ್ತದೆ?

[ದೃಶ್ಯ: ರಾತ್ರಿ, ಬಂದರು, ಸಾಲಾಗಿ ಉರಿಯುತ್ತಿರುವ ಬೋಟುಗಳು]

ನಮಸ್ಕಾರ. 2023ರ ನವೆಂಬರ್. ಒಂಬತ್ತೇ ದಿನಗಳಲ್ಲಿ ಮೂರು ಕೆಟ್ಟ ಸುದ್ದಿ. 11ರಂದು ಶ್ರೀನಗರದ ದಾಲ್ ಸರೋವರದಲ್ಲಿ ಹೌಸ್‌ಬೋಟ್‌ಗಳಿಗೆ ಬೆಂಕಿ ಬಿತ್ತು, ಬಾಂಗ್ಲಾದೇಶದ ಮೂವರು ಪ್ರವಾಸಿಗರು ತೀರಿಕೊಂಡರು. 13ರಂದು ನಮ್ಮ ಕುಂದಾಪುರದ ಪಕ್ಕದ ಗಂಗೊಳ್ಳಿಯಲ್ಲಿ ಏಳೆಂಟು ಮೀನುಗಾರಿಕಾ ಬೋಟುಗಳು ಸುಟ್ಟುಹೋದವು. 19ರ ರಾತ್ರಿ ವಿಶಾಖಪಟ್ಟಣದ ಮೀನುಗಾರಿಕಾ ಬಂದರಿನಲ್ಲಿ ಸುಮಾರು 40 ಬೋಟುಗಳಿಗೆ ಬೆಂಕಿ.

ಇವು ಯಾವುದೂ ನಡುಗಡಲಲ್ಲಿ ಆದದ್ದಲ್ಲ. ದಡದಲ್ಲಿ ಕಟ್ಟಿ ನಿಲ್ಲಿಸಿದ್ದ ಬೋಟುಗಳು. ಆಗಿನಿಂದ ಕಾಮೆಂಟ್‌ಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇದೆ: ಕೆಳಗೆ ಸಮುದ್ರವೇ ಇದೆ, ಪಂಪ್ ಹಾಕಿ ನೀರು ಎತ್ತಿ ಸುರಿದರೆ ಮುಗೀತು ಅಲ್ವಾ?

ಮೊದಲು ಬೇಗ ಬೇಗ ಒಂದು ಮಾತು. ಬೋಟಿನಲ್ಲಿ ಉರಿಯೋಕೆ ಏನಿದೆ? ಎಲ್ಲವೂ ಇದೆ. ಆಳಸಮುದ್ರಕ್ಕೆ ಹೊರಟ ಬೋಟಿನಲ್ಲಿ ಸಾವಿರಾರು ಲೀಟರ್ ಡೀಸೆಲ್, ಅಡುಗೆಗೆ ಗ್ಯಾಸ್ ಸಿಲಿಂಡರ್, ರಾಶಿ ರಾಶಿ ನೈಲಾನ್ ಬಲೆ, ಹಗ್ಗ, ಥರ್ಮೋಕೋಲ್. ಬೋಟಿನ ಮೈ ಮರದ್ದು, ಇಲ್ಲವೇ ಫೈಬರ್‌ನದ್ದು. ಫೈಬರ್ ಅಂದರೆ ಗಾಜಿನ ಎಳೆಗಳನ್ನು ಹಿಡಿದಿಟ್ಟ ರಾಳ. ಆ ರಾಳ ಚೆನ್ನಾಗಿ ಉರಿಯುತ್ತದೆ, ದಟ್ಟ ಕಪ್ಪು ಹೊಗೆ ಬಿಡುತ್ತದೆ. ತಣ್ಣಗಿರುವ ಡೀಸೆಲ್‌ಗೆ ಕಡ್ಡಿ ಗೀರಿದರೆ ಸುಲಭಕ್ಕೆ ಹತ್ತಲ್ಲ, ಅದು 50 ಡಿಗ್ರಿ ದಾಟಿ ಬಿಸಿಯಾಗಬೇಕು. ಆದರೆ ಡೀಸೆಲ್ ಕುಡಿದ ಮರಕ್ಕೆ, ಬಟ್ಟೆಗೆ ಈ ಲೆಕ್ಕ ಇಲ್ಲ.

ಈಗ ವಿಶಾಖಪಟ್ಟಣಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ.

ರಾತ್ರಿ ಹನ್ನೊಂದೂವರೆ ಹೊತ್ತಿಗೆ ಒಂದು ಬೋಟಿಗೆ ಬೆಂಕಿ ಹತ್ತಿತು. ಪಕ್ಕದ ಬೋಟಿನಲ್ಲಿದ್ದವರು ಸೇದಿ ಎಸೆದ ಸಿಗರೇಟು ಇದರ ಬಲೆಯ ಮೇಲೆ ಬಿದ್ದದ್ದೇ ಕಾರಣ ಅಂತ ಪೊಲೀಸರು ಆಮೇಲೆ ಹೇಳಿದರು. ಅಲ್ಲಿದ್ದವರು ಸುಮ್ನೆ ನೋಡ್ತಾ ನಿಲ್ಲಲಿಲ್ಲ. ಉರಿಯುವ ಬೋಟಿನ ಹಗ್ಗ ಬಿಚ್ಚಿ ನೀರಿಗೆ ಬಿಟ್ಟರು, ಉಳಿದ ಬೋಟುಗಳಾದರೂ ಉಳಿಯಲಿ ಅಂತ. ಯಾರಿಗಾದರೂ ಹೊಳೆಯುವ ಉಪಾಯ ಅದೇ.

ಆದರೆ ಗಾಳಿ ಮತ್ತು ನೀರಿನ ಸೆಳೆತ ಆ ಬೋಟನ್ನು ತಿರುಗಿಸಿ ಜೆಟ್ಟಿಗೇ ತಂದುಬಿಟ್ಟವು. ಡೀಸೆಲ್ ತುಂಬಿ, ಸಿಲಿಂಡರ್ ಇಟ್ಟುಕೊಂಡು ಒತ್ತೊತ್ತಾಗಿ ನಿಂತಿದ್ದ ಬೋಟುಗಳ ನಡುವೆ ಬೆಂಕಿ ತಾನಾಗಿ ಬಂದು ಸೇರಿಕೊಂಡಿತು. ಸಿಲಿಂಡರ್‌ಗಳು ಸಿಡಿಯತೊಡಗಿದವು.

ನನ್ನನ್ನು ಜಾಸ್ತಿ ಕಾಡಿದ್ದು ಈ ಹಗ್ಗದ ವಿಷಯ. ಯಾಕಂದ್ರೆ ಯಾರೂ ಬಿಚ್ಚದಿದ್ದರೂ ಹೀಗೇ ಆಗಬಹುದಿತ್ತು. ಬೋಟು ಕಟ್ಟುವ ಪಾಲಿಪ್ರೊಪಿಲೀನ್ ಹಗ್ಗ ಸುಮಾರು 160 ಡಿಗ್ರಿಗೆ ಕರಗಿಹೋಗುತ್ತದೆ. ಬೆಂಕಿಗೆ ಅದು ಏನೂ ಅಲ್ಲ. ಹಗ್ಗ ಕರಗಿತು ಅಂದರೆ, ಚಾಲಕನಿಲ್ಲದ ಉರಿಯುವ ಬೋಟು ಗಾಳಿ ತಳ್ಳಿದ ಕಡೆ ಹೊರಡುತ್ತದೆ.

[ದೃಶ್ಯ: ಟ್ಯಾಂಕರ್ ಹಡಗಿನ ಬದಿಯಲ್ಲಿ ತೂಗುತ್ತಿರುವ ಉಕ್ಕಿನ ತಂತಿ]

ಹಾಗಾದರೆ ಏನು ಮಾಡಬೇಕಿತ್ತು? ದೊಡ್ಡ ತೈಲ ಹಡಗುಗಳವರು ಇದಕ್ಕೆ ಎಷ್ಟೋ ವರ್ಷಗಳ ಹಿಂದೆಯೇ ದಾರಿ ಹುಡುಕಿದ್ದರು. ಬಂದರಿನಲ್ಲಿ ನಿಂತಿರುವಾಗ ಹಡಗಿನ ಮುಂದೆ, ಹಿಂದೆ ಒಂದೊಂದು ಗಟ್ಟಿ ಉಕ್ಕಿನ ತಂತಿಯನ್ನು ಕಟ್ಟಿ, ನೀರಿನಿಂದ ಸ್ವಲ್ಪ ಮೇಲಕ್ಕೆ ಇಳಿಬಿಡುವುದು ಬಹುಕಾಲ ರೂಢಿಯಲ್ಲಿತ್ತು. ಅದಕ್ಕೆ ಫೈರ್ ವೈರ್ ಅಂತ ಹೆಸರು. ಹಡಗಿಗೆ ಬೆಂಕಿ ಬಿದ್ದರೆ ಟಗ್ ದೋಣಿ ಬಂದು ಆ ತಂತಿ ಹಿಡಿದು ಎಳೆದುಕೊಂಡು ಹೋಗುತ್ತದೆ. ಉರಿಯುವ ಹಡಗಿನ ಮೇಲೆ ಯಾರೂ ಹತ್ತಬೇಕಾಗಿಲ್ಲ. ತಂತಿ ಕರಗುವುದಿಲ್ಲ. ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುವುದು ಗಾಳಿ ಅಲ್ಲ, ಟಗ್ ಓಡಿಸುವವನು.

ನಮ್ಮ ಮೀನುಗಾರಿಕಾ ಬೋಟುಗಳಿಗೆ ಇಷ್ಟು ದೊಡ್ಡ ಏರ್ಪಾಡು ಬೇಡ. ಕಟ್ಟುವ ಹಗ್ಗದ ಬೋಟಿನ ಕಡೆಯ ಒಂದೆರಡು ಮೀಟರ್ ಚೈನ್ ಆಗಿರಲಿ. ಎಳೆಯೋಕೆ ಒಂದು ಕೊಕ್ಕೆ, ಒಂದು ತಂತಿ, ಇಂಜಿನ್ ಸಿದ್ಧವಿರುವ ಒಂದು ದೋಣಿ ದಕ್ಕೆಯಲ್ಲಿ, ಅಂದರೆ ಬೋಟು ಕಟ್ಟುವ ಕಟ್ಟೆಯ ಬಳಿ, ಇರಲಿ. ಕೋಟಿಗಟ್ಟಲೆ ಬೆಲೆಯ ಬೋಟುಗಳು ನಿಂತಿರುವ ಜಾಗದಲ್ಲಿ ಇದು ದುಬಾರಿ ಅಂತ ಯಾರೂ ಹೇಳಬಾರದು.

ಈಗ ನಿಮ್ಮ ಪಂಪ್ ಪ್ರಶ್ನೆ. ಅಗ್ನಿಶಾಮಕದ ಒಂದು ಪೈಪ್ ನಿಮಿಷಕ್ಕೆ 400-500 ಲೀಟರ್ ನೀರು ಸುರಿಯಬಲ್ಲದು. ಅಂದರೆ ಎರಡೇ ನಿಮಿಷಕ್ಕೆ ಬೋಟಿನೊಳಗೆ ಹತ್ತಿರ ಹತ್ತಿರ ಒಂದು ಟನ್ ನೀರು. ಆ ನೀರು ಒಂದು ಬದಿಗೆ ಹರಿಯುತ್ತದೆ, ಬೋಟು ಆ ಕಡೆ ವಾಲುತ್ತದೆ, ಇನ್ನಷ್ಟು ನೀರು ಅದೇ ಕಡೆ ಓಡುತ್ತದೆ, ಬೋಟು ಮಗುಚಬಹುದು. ಡೀಸೆಲ್ ಅಂತೂ ನೀರಿನ ಮೇಲೆ ತೇಲುತ್ತಾ ಉರಿಯುತ್ತದೆ. ಅದನ್ನು ಆರಿಸೋಕೆ ಬೆಂಕಿಯನ್ನು ಮುಚ್ಚುವ ನೊರೆ (ಫೋಮ್) ಬೇಕು. ನೀರನ್ನು ಪಕ್ಕದ ಬೋಟುಗಳ ಮೇಲೆ ಬಿಟ್ಟು ಅವು ಬಿಸಿಯಾಗದಂತೆ ನೋಡಿಕೊಳ್ಳುವುದೇ ಎಷ್ಟೋ ಸಲ ಹೆಚ್ಚು ಉಪಯೋಗ.

ಬೆಂಕಿ ಹತ್ತುವ ಮುಂಚೆ ಮಾಡಬೇಕಾದ್ದು ಏನು? ಟೈಮ್ ಕಡಿಮೆ ಇದೆ, ಮುಖ್ಯವಾದದ್ದಷ್ಟೇ ಹೇಳ್ತೀನಿ. ಮೊದಲನೆಯದು ಗ್ಯಾಸ್. ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲ ಸಂದಿಯಿಂದಾದರೂ ಆಚೆ ಹೋಗುತ್ತದೆ. ಬೋಟಿನ ಹೊಟ್ಟೆ ನೀರು ಒಳಬರದಂತೆ ಕಟ್ಟಿದ್ದು, ಹಾಗಾಗಿ ಗ್ಯಾಸ್ ಅಲ್ಲೇ ತಳದಲ್ಲಿ ಕೂತು ಒಂದು ಕಿಡಿಗೆ ಕಾಯುತ್ತದೆ. ಸಿಲಿಂಡರ್ ಡೆಕ್ ಮೇಲೇ ಇರಬೇಕು, ಅದರ ಪೆಟ್ಟಿಗೆಯ ತಳದಲ್ಲಿ ಹೊರಗೆ ತೆರೆಯುವ ತೂತು ಇರಬೇಕು.

ಆಮೇಲೆ ವೈರಿಂಗ್. ಉಪ್ಪುಗಾಳಿಗೆ ಕನೆಕ್ಷನ್‌ಗಳು ಹಸಿರುಗಟ್ಟಿ ಸಡಿಲವಾಗುತ್ತವೆ. 16 ಆಂಪಿಯರ್ ಹರಿಯುವ ಪ್ಲಗ್‌ನಲ್ಲಿ ಅರ್ಧ ಓಮ್ ಅಡ್ಡಿ ಬಂದರೂ ಅಷ್ಟು ಸಣ್ಣ ಜಾಗದಲ್ಲಿ 128 ವಾಟ್ ಶಾಖ. ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ್ದರೆ ಅವತ್ತೇ ಬದಲಿಸಿ. ಜೂನ್, ಜುಲೈಯಲ್ಲಿ ಮೀನುಗಾರಿಕೆ ನಿಷೇಧವಿದ್ದಾಗ ಬೋಟುಗಳು ಒಟ್ಟಿಗೆ ನಿಂತಿರುತ್ತವೆ, ರಿಪೇರಿಯೂ ಆಗಲೇ. ವೆಲ್ಡಿಂಗ್ ಮಾಡುವಾಗ ಪಕ್ಕದಲ್ಲಿ ಬಲೆ ಬೇಡ. ಕೆಲಸ ಮುಗಿದ ಮೇಲೂ ಒಬ್ಬರು ಅಲ್ಲೇ ಕಾಯಬೇಕು.

ಕೊನೆಯದಾಗಿ, ಬೋಟಿನಲ್ಲಿ ಮಲಗುವವರ ಬಗ್ಗೆ. 2020ರ ಜನವರಿಯಲ್ಲಿ ಅಮೆರಿಕದ ಅಲಬಾಮಾದ ಸ್ಕಾಟ್ಸ್‌ಬರೋದಲ್ಲಿ ಒಂದು ಮರೀನಾಕ್ಕೆ, ಅಂದರೆ ಬೋಟುಗಳನ್ನು ಕಟ್ಟಿ ನಿಲ್ಲಿಸುವ ತಾಣಕ್ಕೆ, ನಡುರಾತ್ರಿ ಬೆಂಕಿ ಬಿತ್ತು. ಅಲ್ಲಿ ಜನ ಬೋಟಿನಲ್ಲೇ ವಾಸವಿದ್ದರು. ಮರದ ಡಾಕ್, ಮೇಲೆ ತಗಡಿನ ಮಾಡು, ದಡಕ್ಕೆ ಹೋಗಲು ಒಂದೇ ದಾರಿ. ಆ ದಾರಿಯೇ ಉರಿಯತೊಡಗಿದಾಗ ಕೊರೆಯುವ ನೀರಿಗೆ ಹಾರುವುದು ಬಿಟ್ಟು ಬೇರೆ ಗತಿ ಇರಲಿಲ್ಲ. 8 ಜನ ಸತ್ತರು. ಮಲ್ಪೆಯಲ್ಲಾಗಲಿ ಮಂಗಳೂರಿನಲ್ಲಾಗಲಿ, ದಕ್ಕೆಯಲ್ಲಿ ನಿಂತ ಬೋಟಿನಲ್ಲಿ ರಾತ್ರಿ ಮಲಗುವ ಕಾರ್ಮಿಕರಿದ್ದಾರೆ. ಅವರು ಮಲಗುವ ಜಾಗದಲ್ಲಿ ಒಂದು ಹೊಗೆ ಅಲಾರಂ, ಕೈಗೆಟಕುವಂತೆ ಒಂದು ಅಗ್ನಿಶಾಮಕ, ಹೊರಬರಲು ಎರಡನೇ ದಾರಿ ಇರಲೇಬೇಕು. ಬೋಟಿನ ಮಾಲೀಕರು ಯಾರಾದರೂ ಇದನ್ನು ನೋಡ್ತಾ ಇದ್ದರೆ, ಮುಂದಿನ ಸಲ ಡೀಸೆಲ್ ತುಂಬಿಸುವ ಮುಂಚೆ ಇವಿಷ್ಟನ್ನೂ ಹಾಕಿಸಿ.