ಪೂರ್ವಾಭಾದ್ರದ ಪಕ್ಕದ ಗ್ರಹ

ಕೇಳುಗರಿಗೆ ನಮಸ್ಕಾರ. ದೀಪಾವಳಿ ಅಮಾವಾಸ್ಯೆಯ ಆಸುಪಾಸಿನಲ್ಲಿ, ರಾತ್ರಿ ಎಂಟೂವರೆಯ ಹೊತ್ತಿಗೆ, ಕಲಬುರಗಿಯ ದೀಪಗಳನ್ನು ದಾಟಿ ಆಳಂದ ರಸ್ತೆಯ ತೊಗರಿ ಹೊಲಗಳ ನಡುವೆ ನಿಂತು ತಲೆಯೆತ್ತಿ. ನೆತ್ತಿಯ ಬಳಿ ಪೂರ್ವಾಭಾದ್ರದ ಎರಡು ನಕ್ಷತ್ರಗಳಿರುತ್ತವೆ. ಜಾತಕದಲ್ಲಿ ಈ ಹೆಸರು ಓದಿದವರು ಬಹಳ, ಆಕಾಶದಲ್ಲಿ ಗುರುತಿಸಿದವರು ಕಡಿಮೆ! ಅವೆರಡರ ನಡುವೆ, ತುಸು ಪಶ್ಚಿಮಕ್ಕೆ, ಕಣ್ಣು ಕಿರಿದು ಮಾಡಿ ಹುಡುಕಿದರೆ ಮಾತ್ರ ದಕ್ಕುವ ಚುಕ್ಕೆಯೊಂದಿದೆ. ಅದರ ಹೆಸರು 51 ಪೆಗಾಸಿ. ದೂರ ಸುಮಾರು 50 ಜ್ಯೋತಿರ್ವರ್ಷ.

ಸೂರ್ಯನಂಥ ನಕ್ಷತ್ರವನ್ನು ಸುತ್ತುವ, ನಮ್ಮ ಸೌರಮಂಡಲದ ಹೊರಗಿನ ಗ್ರಹ ಮೊದಲು ಸಿಕ್ಕಿದ್ದು ಅಲ್ಲಿ, 1995ರಲ್ಲಿ. ಕಂಡುಹಿಡಿದವರು ಜಿನೀವಾದ ಪ್ರಾಧ್ಯಾಪಕ ಮಿಷೆಲ್ ಮೇಯರ್ ಮತ್ತು ಅವರ ಶಿಷ್ಯ ಡಿಡಿಯೆ ಕೆಲೋ. ಗ್ರಹ ಅವರ ಕಣ್ಣಿಗೆ ಬೀಳಲೇ ಇಲ್ಲ. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಅದರ ಕಪ್ಪು ಗೆರೆಗಳು ಒಮ್ಮೆ ಕೆಂಪಿನತ್ತ, ಒಮ್ಮೆ ನೀಲಿಯತ್ತ ಸರಿಯುವುದನ್ನು ಅಳೆದರು. ಗ್ರಹ ಎಳೆಯುವುದರಿಂದ ನಕ್ಷತ್ರ ನಮ್ಮತ್ತ ಬಂದಾಗ ಗೆರೆಗಳು ನೀಲಿಯತ್ತ, ಹಿಂದೆ ಸರಿದಾಗ ಕೆಂಪಿನತ್ತ ಸರಿಯುತ್ತವೆ.

ಗುರು ಗ್ರಹ ನಮ್ಮ ಸೂರ್ಯನನ್ನು ಅಲುಗಿಸುವ ವೇಗ ಗಂಟೆಗೆ 45 ಕಿಲೋಮೀಟರ್, ಆಳಂದದ ಬಸ್ಸಿನಷ್ಟು. ಆದರೆ ಒಂದು ಸುತ್ತು ಮುಗಿಯಲು ಸುಮಾರು 12 ವರ್ಷ ಬೇಕು. ಮೂವತ್ತಕ್ಕೆ ಕೆಲಸಕ್ಕೆ ಸೇರಿ ಅರವತ್ತಕ್ಕೆ ನಿವೃತ್ತರಾಗುವ ನಮ್ಮಂಥ ಮೇಷ್ಟ್ರುಗಳಿಗೆ ಅಂಥ ಗ್ರಹದ ಮೂರು ಸುತ್ತೂ ಪೂರ್ತಿ ಸಿಗುವುದಿಲ್ಲ. ಪೆಗಾಸಿಯ ಗ್ರಹವೋ 4.2 ದಿನಕ್ಕೇ ಒಂದು ಸುತ್ತು ಹಾಕುತ್ತಿತ್ತು! ಗುರುವಿನಂಥ ದೈತ್ಯ ನಕ್ಷತ್ರಕ್ಕೆ ಅಷ್ಟು ಹತ್ತಿರ ಇರಲು ಸಾಧ್ಯವೆಂದು ಆಗ ನಂಬಿದವರು ವಿರಳ.

ಆದ್ದರಿಂದ ಅವರು ಕೂಡಲೇ ಸುದ್ದಿ ಮಾಡಲಿಲ್ಲ. ಮಾರ್ಚ್‌ನಲ್ಲಿ ಪೆಗಾಸಿ ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ನಮ್ಮ ಪಂಚಾಂಗ ತೆರೆದು ನೋಡಿ, ಮಾರ್ಚ್ ಆರಂಭದಲ್ಲಿ ಸೂರ್ಯ ಪೂರ್ವಾಭಾದ್ರಕ್ಕೆ ಬರುತ್ತಾನೆ ಎಂದೇ ಇರುತ್ತದೆ. ಜುಲೈನಲ್ಲಿ ನಕ್ಷತ್ರ ಮತ್ತೆ ಕಂಡಾಗ, ಮೊದಲೇ ಹಾಕಿಟ್ಟ ಲೆಕ್ಕದಂತೆ ಗೆರೆಗಳು ಸರಿಯುತ್ತಿದ್ದವು. ಆಗಲೇ ಅವರು ಬಾಯಿಬಿಟ್ಟಿದ್ದು. 2019ರಲ್ಲಿ ಇಬ್ಬರಿಗೂ ನೊಬೆಲ್ ಬಂದಿತು. ನನಗೆ ಆ ಪದಕಕ್ಕಿಂತ ಈ ನಾಲ್ಕು ತಿಂಗಳ ಮೌನವೇ ದೊಡ್ಡದೆನಿಸುತ್ತದೆ.

ಇಂದು ತಿಳಿದಿರುವ ಸೌರಮಂಡಲದಾಚೆಯ ಗ್ರಹಗಳು ಐದು ಸಾವಿರಕ್ಕೂ ಹೆಚ್ಚು. ನಮ್ಮ ಮೌಂಟ್ ಅಬುವಿನ ದೂರದರ್ಶಕದಿಂದಲೂ ಇದೇ ವಿಧಾನದಲ್ಲಿ ಅಳೆಯುತ್ತಾರೆ. ಆದರೆ ಭೂಮಿಯಂಥ ಗ್ರಹ ಸೂರ್ಯನಂಥ ನಕ್ಷತ್ರವನ್ನು ಅಲುಗಿಸುವುದು ಸೆಕೆಂಡಿಗೆ 9 ಸೆಂಟಿಮೀಟರ್ ಮಾತ್ರ. ನಕ್ಷತ್ರದ ಮೇಲ್ಮೈ ಅದಕ್ಕಿಂತ ಎಷ್ಟೋ ಜೋರಾಗಿ ಕುದಿಯುತ್ತಿರುತ್ತದೆ. ಆ ಕುದಿತವನ್ನೂ ಗ್ರಹದ ಎಳೆತವನ್ನೂ ಬೇರ್ಪಡಿಸುವ ಗಣಿತವೇ ಈಗಿನ ಹುಡುಗ ಹುಡುಗಿಯರ ಮುಂದಿರುವ ಕೆಲಸ.