ಸೀಟಿನ ಬುಡಕಿನ ಬ್ರೇಕ್ ಆಯಿಲ್ ಬಾಟ್ಲಿ

ನಮಸ್ಕಾರ್ರೀ. ಇವತ್ತ ಸ್ವಲ್ಪ ಸಿಟ್ಟಿನಾಗ ಕುಂತೀನಿ, ಮೊದಲ ಹೇಳಿಬಿಡ್ತೀನಿ.

ನಮ್ಮ ಬೆಳಗಾವಿ ಕಡೆ ಹಳೆ ಫೋರ್ ವ್ಹೀಲ್ ಜೀಪ್ ಇಟ್ಟಾವ್ರ ಸೀಟಿನ ಬುಡಕ ಕೈ ಹಾಕ್ರಿ, ಒಂದು ಬ್ರೇಕ್ ಆಯಿಲ್ ಬಾಟ್ಲಿ ಸಿಗತೈತಿ. "ಸ್ವಲ್ಪ ಇಳೀತೈತ್ರೀ, ಹಾಕ್ಕೋತ ಇರ್ತೀನಿ" ಅಂತಾರ. ಇಂಜಿನ್ ಆಯಿಲ್ ಆದ್ರ ಉರದು ಇಳೀತೈತಿ. ಬ್ರೇಕ್ ಆಯಿಲ್ ಎಲ್ಲಿ ಉರೀಬೇಕ್ರೀ? ನಾಕೂ ಗಾಲಿಗೆ ಡ್ರಮ್ ಬ್ರೇಕ್ ಇದ್ದ ಜೀಪಿಗೆ ತಿಂಗಳಿಗೊಮ್ಮೆ ಹಾಕಾಕತ್ತೀರಿ ಅಂದ್ರ ಎಲ್ಲೋ ಸೋರಾಕತ್ತೈತಿ. ಅದೂ ಮೂತಿ ಒಡದ ಬಾಟ್ಲಿ ವರ್ಷಗಟ್ಟಲೆ ಇಟ್ಟಿರ್ತೀರಿ. ಆ ಆಯಿಲ್ ಗಾಳಿಯಾಗಿನ ನೀರು ಹೀರ್ಕೋತೈತಿ.

ನಾನೂ ಅದ ಬಾಟ್ಲಿ ಗಿರಾಕಿ ಇದ್ದೆ. ನನ್ನ ಜೀಪಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದ್ರ ಗಾಲಿಗೆ ಆಯಿಲ್ ದಬ್ಬೂದು ಇದ, ಆಯಿಲ್ ಹಾಕೂದೂ ಇದಕ್ಕ) ಡ್ರೈವರ್ ಕಾಲ ಬುಡಕ, ಪತ್ರಾದ ಕೆಳಗ ಐತಿ. ಮ್ಯಾಟ್ ಎತ್ತಿ, ಧೂಳ ಒರಿಸಿ, ಮುಚ್ಚಳ ತಗೀಬೇಕು. ದಿನಾ ಯಾರ ನೋಡ್ತಾರ? ಒಂದ್ ದಿನ ಎಡಗಡೆ ಹಿಂದಿನ ಗಾಲಿಯ ಒಳಮಗ್ಗಲ ಒದ್ದಿ ಕಂಡ್ತು. ಮಿಸ್ತ್ರಿ ದೂರದಿಂದಲೇ "ಆಕ್ಸಲ್ ಸೀಲ್ ಹೋಗೈತಿ" ಅಂದ, ಅಂದ್ರ ಸೋರೂದು ಗೇರ್ ಆಯಿಲ್ ಅಂತ. ಬೆರಳಿಗೆ ಹಚ್ಚಿ ನೋಡಿದೆ. ಗೇರ್ ಆಯಿಲ್ ದಪ್ಪ ಇರತೈತಿ, ಗಬ್ಬ ನಾರತೈತಿ, ನೀರಿಗೆ ಹೋಗೂದಿಲ್ಲ. ಇದು ತೆಳು, ನೀರು ಹಾಕಿದ್ರ ತೊಳದ ಹೋತು. ಬ್ರೇಕ್ ಆಯಿಲೇ ಅದು! ಮಿಸ್ತ್ರಿ ವ್ಹೀಲ್ ಸಿಲಿಂಡರ್ (ಡ್ರಮ್ಮಿನ ಒಳಗ ಬ್ರೇಕ್ ಲೈನರ್ ದಬ್ಬೂ ಸಣ್ಣ ಸಿಲಿಂಡರ್) ಬಿಚ್ಚಿ ಹೊಸಾ ಕಿಟ್, ಅಂದ್ರ ಆಯಿಲ್ ತಡಿಯೂ ರಬ್ಬರ್ ಕಪ್ಪುಗಳ ಸೆಟ್, ಹಾಕಿ ಕಳಿಸಿದ. ಮಳಿಗಾಲ ಮುಗಿಯೂದ್ರಾಗ ಮತ್ತ ಅದ ಗಾಲಿ ಒದ್ದಿ. ಮತ್ತ ಕಿಟ್.

ಮೂರನೇ ಸಲ ಮಗ್ಗಲಕ್ಕ ನಿಂತು ಬ್ಯಾಟರಿ ಹಿಡದು ಸಿಲಿಂಡರಿನ ಒಳಗ ನೋಡಿದೆ. ಮೈಲಿ ಬ್ಯಾನಿ ಎದ್ದು ಹೋದ ಮಾರಿ ಹಂಗ ತೂತು ತೂತು! ಅದರ ಮ್ಯಾಲ ಯಾವ ರಬ್ಬರ್ ಕಪ್ ನಿಲ್ಲತೈತ್ರೀ?

ನನ್ನ ಜಗಳ ಇದ. ಸಿಲಿಂಡರ್ ನುಣ್ಣಗ ಇದ್ರ ಕಿಟ್ ಹಾಕ್ರಿ, ಬ್ಯಾಡ ಅನ್ನೂದಿಲ್ಲ. ತೂತ ಬಿದ್ದಿದ್ರ ಇಡೀ ಸಿಲಿಂಡರ್ ಬದಲಿ ಮಾಡ್ರಿ, ಎಡಕ್ಕ ಬಲಕ್ಕ ಎರಡೂ. ಉದ್ಯಮಬಾಗ ಅನ್ನೂ ಕಾರ್ಖಾನಿ ಏರಿಯಾದಾಗ ಹೈಡ್ರಾಲಿಕ್ ಸಿಲಿಂಡರ್ ಮಾಡೂ ಊರು ನಮ್ಮದು! ಒಳಗ ಗೀರು ಬಿದ್ರ ಸೀಲ್ ನಿಲ್ಲೂದಿಲ್ಲ ಅನ್ನೂದು ಅಲ್ಲಿ ಹೊಸದಾಗಿ ಕೆಲಸಕ್ಕ ಸೇರಿದ ಹುಡುಗಗೂ ಗೊತ್ತು. ಬ್ರೇಕ್ ಸಿಲಿಂಡರೂ ಅದ ಕುಲ ಅಲ್ಲೇನು?

ತೂತ ಯಾಕ ಬೀಳ್ತಾವು? ಕಬ್ಬಿನ ಹೊಲಕ್ಕ ಒಯ್ತೀವಿ, ಎರಿ ರಾಡಿ ಡ್ರಮ್ಮಿನಾಗ ಹೊಕ್ಕು ಗಟ್ಟಿ ಆಗತೈತಿ, ಸಿಲಿಂಡರಿನ ಬಾಯಿಗಿರೂ ರಬ್ಬರ್ ಬೂಟ್ ಹರೀತೈತಿ, ನೀರು ಒಳಗ ಹೋಗಿ ತುಕ್ಕು ಹಿಡೀತೈತಿ. ಫೋರ್ ವ್ಹೀಲ್ ಹಾಕಿ ರಾಡಿಯಿಂದ ಎದ್ದು ಬಂದ್ವಿ ಅಂತ ಮೀಸಿ ತಿರುವ್ತೀವಲ್ಲ, ಮನಿಗೆ ಬಂದು ಡ್ರಮ್ ತಗದು ತೊಳಿಯೂದಿಲ್ಲ. (ನಾನೂ ತೊಳೀತಿದ್ದಿಲ್ಲ ಬಿಡ್ರಿ.)

ಇನ್ನ ಕೆಲವರ ಶಾಣ್ಯಾತನ ಕೇಳ್ರಿ. ಸೋರೂ ಗಾಲಿಯ ಪೈಪ್ ಸುತಗಿಲೆ ಬಡದು ಬಂದ್ ಮಾಡಿ, ಮೂರ ಗಾಲಿ ಬ್ರೇಕ್ ಮ್ಯಾಲ ಓಡಸ್ತಾರ. ಬ್ರೇಕ್ ಆಯಿಲ್ ಸಿಗಲಿಲ್ಲಂದ್ರ ಇಂಜಿನ್ ಆಯಿಲ್ ಸುರೂತಾರ. ಮುಂದ ಎಲ್ಲಾ ಕಪ್ಪೂ ಉಬ್ಬಿ ಇಡೀ ಲೈನೇ ಹಾಳು. ಆಯಿಲ್ ಕುಡದ ಲೈನರ್ ಪೆಟ್ರೋಲಿನಾಗ ತೊಳದು ಮತ್ತ ಹಾಕ್ತಾರ. ಒಣಗಿದಂಗ ಕಾಣತೈತಿ, ಬಿಸಿ ಆದ ಕೂಡಲೇ ಒಳಗಿನ ಆಯಿಲ್ ಹೊರಗ ಬರತೈತಿ.

ಹಳೆ ಜೀಪಿನಾಗ ನಾಕೂ ಗಾಲಿಗೆ ಒಂದ ಲೈನ್. ಒಂದ ಕಪ್ ಕೈ ಕೊಟ್ರ ಪೆಡಲ್ ಸೀದಾ ಪತ್ರಾಕ್ಕ. ಮ್ಯಾಲ ನೀರು ಹೀರಿದ ಆಯಿಲ್ ಬ್ಯಾರೆ. ಡಾಟ್ 3 ಅನ್ನೂ ದರ್ಜೆಯ ಬ್ರೇಕ್ ಆಯಿಲ್ ಹೊಸಾದಿದ್ದಾಗ ಕಡಿಮಿ ಅಂದ್ರೂ 205 ಡಿಗ್ರಿ ತನಕ ಕುದಿಯಬಾರದು, ನೀರು ಹೀರಿದ ಮ್ಯಾಲ ಆ ಲೆಕ್ಕ 140ಕ್ಕ ಬರತೈತಿ. ಕುದ್ರ ಲೈನಿನಾಗ ಗುಳ್ಳಿ ಎದ್ದು ಬ್ರೇಕ್ ಹಿಡಿಯೂದಿಲ್ಲ. ಗೋವಾಕ್ಕ ಹೋಗೂ ಚೋರ್ಲಾ ಘಾಟ್ ಇಳಿಯುವಾಗ ಬ್ರೇಕ್ ಮ್ಯಾಲೇ ಕಾಲಿಟ್ಟು ಹೊಂಟ್ರ ಅಷ್ಟು ಕಾಯಾಕ ಹೊತ್ತು ಬೇಕಾಗಿಲ್ಲ.

ಘಾಟ್ ಇಳಿಯೂಕಿಂತ ಮೊದಲ ಕಣಕುಂಬಿ ಹತ್ರ ಚಾಕ್ಕ ನಿಂದರ್ತೀರಲ್ಲ, ಅಲ್ಲೇ ಪೆಡಲ್ ಗಟ್ಟಿ ಒತ್ತಿ 30 ಎಣಸ್ರಿ. ಮೆಲ್ಲಕ ಕೆಳಗ ಇಳೀತೈತಿ ಅಂದ್ರ, ಹೊರಗ ಒಂದ ಹನಿ ಕಾಣದಿದ್ರೂ ಮಾಸ್ಟರ್ ಸಿಲಿಂಡರಿನ ಕಪ್ ಮ್ಯಾಲ ಸಂಶೆ ಪಡ್ರಿ. ಗೋವಾ ಎಲ್ಲಿ ಓಡಿ ಹೋಗೂದಿಲ್ಲ. ಇನ್ನೊಂದು ಚಾ ಹೇಳ್ರಿ, ಗಾಡಿ ಎಳಕೊಂಡು ಹೋಗಾಕ ಯಾರಿಗರೆ ಫೋನ್ ಹಚ್ರಿ.