ಸಂಸತ್ತು ಸುಮ್ಮನಿದ್ದರೆ ನಿಯಮದ ಗತಿ ಏನು?

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಅಮೆರಿಕದ ಕಾಂಗ್ರೆಸ್ ಬಗ್ಗೆ. ಪಕ್ಷ ಅಲ್ಲ, ಅಲ್ಲಿನ ಸಂಸತ್ತು! ಕಾಯ್ದೆ ಮಾಡುವುದು ಅದು. ಆದರೆ ಆ ಕಾಯ್ದೆ ಜಾರಿಯಾಗಲು ಬೇಕಾದ ನಿಯಮಗಳನ್ನು ಬರೆಯುವುದು ಇಲಾಖೆಗಳು. ಕೋಟ್ಯಂತರ ಡಾಲರ್ ಹೊರೆ ತರುವ ನಿಯಮಕ್ಕೂ ಸಂಸತ್ತಿನ ಒಪ್ಪಿಗೆ ಬೇಡವೇ? ಈ ಜಗಳ ಹಳೆಯದು.

ಜಗದೀಶ್ ರಾಯ್ ಚಡ್ಢಾ ಎಂಬ ವಿದ್ಯಾರ್ಥಿಯ ಕಥೆ ಕೇಳಿ. ಭಾರತೀಯ ಮೂಲ, ಹುಟ್ಟಿದ್ದು ಕೀನ್ಯಾದಲ್ಲಿ, ಪಾಸ್‌ಪೋರ್ಟ್ ಬ್ರಿಟನ್ನಿನದು. 1972ರಲ್ಲಿ ಅವರ ವೀಸಾ ಮುಗಿಯಿತು. ಗಡಿಪಾರು ಬೇಡ ಎಂದು 1974ರಲ್ಲಿ ವಲಸೆ ನ್ಯಾಯಾಧೀಶರು ಹೇಳಿದರು. ಆದರೆ ಅಂಥ ತೀರ್ಮಾನವನ್ನು ಒಂದೇ ಸದನ ಕೂಡ ರದ್ದು ಮಾಡಬಹುದು ಅಂತ ಕಾಯ್ದೆಯಲ್ಲಿತ್ತು. 1975ರ ಡಿಸೆಂಬರಿನಲ್ಲಿ ಕೆಳಮನೆ ಹೀಗೆ ಗಡಿಪಾರು ತಪ್ಪಿದ 340 ಜನರ ಪಟ್ಟಿಯಿಂದ ಆರು ಹೆಸರು ಆರಿಸಿ, ಇವರಿಗೆ ಈ ವಿನಾಯಿತಿ ಬೇಡ ಎಂದಿತು. ಚಡ್ಢಾ ಅವರಲ್ಲೊಬ್ಬರು. ನಿರ್ಣಯದ ಪ್ರತಿ ಸದಸ್ಯರ ಕೈಗೆ ಸಿಕ್ಕಿರಲಿಲ್ಲ. ಚರ್ಚೆ ಇಲ್ಲ, ಯಾರ ಮತ ಯಾವ ಕಡೆ ಎಂಬ ದಾಖಲೆಯೂ ಇಲ್ಲ. 1983ರಲ್ಲಿ ಸುಪ್ರೀಂ ಕೋರ್ಟ್ ಒಂದೇ ಸದನದ ಈ ಅಧಿಕಾರವನ್ನು 7-2ರಲ್ಲಿ ತಳ್ಳಿಹಾಕಿತು. ಎರಡೂ ಸದನ ಒಪ್ಪಬೇಕು, ಆಮೇಲೆ ಅದು ಅಧ್ಯಕ್ಷರ ಮುಂದೆ ಹೋಗಬೇಕು ಎಂದಿತು.

ಇಲಾಖೆಯ ನಿಯಮಗಳಿಗೂ ಇದೇ ದಾರಿ. 1996ರ ಕಾಯ್ದೆಯ ಪ್ರಕಾರ ಎರಡೂ ಸದನ ಸೇರಿ ಹೊಸ ನಿಯಮವನ್ನು ತಿರಸ್ಕರಿಸಬಹುದು. ಅದಕ್ಕೂ ಅಧ್ಯಕ್ಷರ ಸಹಿ ಬೇಕು. ತಮ್ಮದೇ ಇಲಾಖೆಯ ನಿಯಮಕ್ಕೆ ಅವರೇ ಕತ್ತರಿ ಹಾಕುತ್ತಾರಾ? ಹಾಗಾಗಿ ಅಧ್ಯಕ್ಷರು ಬದಲಾದಾಗಲೇ ಇದರ ಬಳಕೆ ಜಾಸ್ತಿ. ಮೊದಲ ಬಲಿ 2001ರಲ್ಲಿ: ಕ್ಲಿಂಟನ್ ಕಾಲದ, ಕೆಲಸಗಾರರ ಬೆನ್ನು-ಕೈ ನೋವು ತಡೆಯುವ ನಿಯಮ. ಸಹಿ ಹಾಕಿದ್ದು ಬುಷ್.

ಈಗ ಸಂಸತ್ತು ಸುಮ್ಮನಿದ್ದರೆ ನಿಯಮ ಉಳಿಯುತ್ತದೆ; ರೀನ್ಸ್ ಎಂಬ ಮಸೂದೆ ಇದನ್ನು ತಿರುಗುಮುರುಗು ಮಾಡುತ್ತದೆ. ವರ್ಷಕ್ಕೆ 10 ಕೋಟಿ ಡಾಲರಿಗೂ ಮೀರಿ ಪರಿಣಾಮ ಬೀರುವ ನಿಯಮಕ್ಕೆ 70 ಕಲಾಪದ ದಿನಗಳೊಳಗೆ ಸಂಸತ್ತಿನ ಒಪ್ಪಿಗೆ ಸಿಗದಿದ್ದರೆ ಆ ನಿಯಮ ಸತ್ತಂತೆ. ಕೆಳಮನೆ ಇದನ್ನು 2011ರಲ್ಲೂ 2023ರಲ್ಲೂ ಪಾಸು ಮಾಡಿತು, ಮೇಲ್ಮನೆಯಾದ ಸೆನೆಟ್ ಮಾಡಲಿಲ್ಲ. ಚುನಾಯಿತರಾದವರೇ ಹೊಣೆ ಹೊರಲಿ ಎಂಬುದು ಬೆಂಬಲಿಗರ ವಾದ. ವಾದದಲ್ಲಿ ಹುರುಳಿದೆ.

ಫ್ಲಾರಿಡಾದಲ್ಲಿ ಇಂಥ ಪದ್ಧತಿ 2010ರಿಂದಲೇ ಇದೆ. ಐದು ವರ್ಷದಲ್ಲಿ 10 ಲಕ್ಷ ಡಾಲರ್ ಮೀರಿ ಖರ್ಚು ತರುವ ನಿಯಮಕ್ಕೆ ಶಾಸನಸಭೆ ಹೂಂ ಅನ್ನಬೇಕು. 2017ರಲ್ಲಿ ಇರ್ಮಾ ಚಂಡಮಾರುತ ಬಂತು. ಒಂದು ಶುಶ್ರೂಷಾಲಯದಲ್ಲಿ ಎ.ಸಿ. ನಿಂತು, ಸೆಕೆಗೆ 12 ವೃದ್ಧರು ಸತ್ತರು. ಕರೆಂಟ್ ಹೋದರೂ 96 ಗಂಟೆ ಕೋಣೆ ತಂಪಾಗಿರಬೇಕು, ಅದಕ್ಕೆ ಜನರೇಟರ್ ಇಡಿ ಎಂಬ ನಿಯಮ ಬಂತು. 2018ರಲ್ಲಿ ಶಾಸನಸಭೆ ಅದನ್ನು ಒಪ್ಪಿತು. ಆ ಸಾವುಗಳು ಊರೆಲ್ಲ ಸುದ್ದಿಯಾಗಿದ್ದವು. ಹನ್ನೆರಡು ಹೆಣ ಬೀಳುವ ಮೊದಲೇ ಈ ನಿಯಮ ಬಂದಿದ್ದರೆ ಖರ್ಚು ಜಾಸ್ತಿ ಅಂತ ಮೂಲೆಗೆ ಬೀಳುತ್ತಿತ್ತೋ ಏನೋ.

ಒಪ್ಪಿಗೆ ಕೇಳುವುದಕ್ಕೆ ನನ್ನ ತಕರಾರಿಲ್ಲ. ನಿಯಮ ಬೇಡವಾದರೆ ಸದಸ್ಯರು ಹೆಸರು ದಾಖಲಾಗುವಂತೆ ಎದುರು ಮತ ಹಾಕಲಿ. ಅವಧಿ ಮುಗಿಯುವವರೆಗೆ ಸುಮ್ನೆ ಕೂತು ನಿಯಮ ಕೊಲ್ಲುವ ಅವಕಾಶ ಮಾತ್ರ ಕೊಡಬಾರದು.